ಗ್ರೀಸಣ್ಣನ ಮೇಲೆ ನಾಲ್ಕು ಪುಟ

ಗ್ರೀಸಣ್ಣ ಹೋದ ಮಂಗಳವಾರ ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಯಲ್ಲಿ ತೀರಿಕೊಂಡ. ಹೃದಯದ ತೊಂದರೆ. ಖಾಸಗಿ ದೋಣಿಗಳನ್ನು ಕಟ್ಟಿಡುವ ಮರೀನಾದ ರಿಪೇರಿ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಮೋಟಾರು ದೋಣಿಗಳ ಎಂಜಿನ್ ಬಿಚ್ಚಿ ಜೋಡಿಸಿದವನು. ನಿವೃತ್ತಿಗೆ ಹತ್ತೊಂಬತ್ತು ದಿನ ಬಾಕಿ ಇತ್ತು.

ಅವನ ಬಗ್ಗೆ ಒಳ್ಳೆಯ ಮಾತು ಹೇಳುವವರು ಬೇಕಾದಷ್ಟು ಜನರಿದ್ದಾರೆ. ನಾನು ಹೇಳಬೇಕಾದದ್ದು ನನ್ನ ಬಗ್ಗೆ, ಮತ್ತು ಅದು ಒಳ್ಳೆಯ ಮಾತಲ್ಲ. ಆ ಮೂವತ್ತೊಂದು ವರ್ಷಗಳಲ್ಲಿ ಅವನ ಮೇಲೆ ಬಂದದ್ದು ಒಂದೇ ಒಂದು ದೂರು. ಬರೆದವನು ನಾನು. ನಾಲ್ಕು ಪುಟ. (ಐದನೆಯ ಪುಟವೂ ಇತ್ತು. ಅದರಲ್ಲಿ ನನ್ನ ಸಹಿ, ಪದವಿಗಳು ಮತ್ತು ವಿಳಾಸ.)

ನಾನು ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡಿಕೊಂಡಿದ್ದವನು. ಕೆಲಸದಿಂದ ಬಿಡುಗಡೆಯಾದ ಮೇಲೆ ಒಂದು ದೋಣಿ ಕೊಂಡೆ. ಹದಿನಾಲ್ಕು ಅಡಿ ಉದ್ದ, ಹಿಂದೆ ಸಿಕ್ಕಿಸುವ ಎಂಜಿನ್, ಕಾಲ ಬಳಿ ಇಡುವ ಕೆಂಪು ಪೆಟ್ರೋಲ್ ಟ್ಯಾಂಕು. ನೀರಿನ ಮೇಲೆ ಕೂತು ನೆಮ್ಮದಿಯಾಗಿ ಓದಬೇಕೆಂಬುದು ನನ್ನ ಆಸೆ. ನೀರಿನ ಮೇಲಾದರೂ ಈ ಗಂಡ ಪುಸ್ತಕ ಕೆಳಗಿಟ್ಟು ನಾಲ್ಕು ಮಾತಾಡಿಯಾನು ಎಂಬುದು ಹೆಂಡತಿಯ ಆಸೆ. ಇಬ್ಬರೂ ಅವರವರ ಆಸೆಯನ್ನು ಒಬ್ಬರಿಗೊಬ್ಬರು ಹೇಳದೆ ದೋಣಿ ಹತ್ತಿದೆವು.

ಮೊದಲ ದಿನವೇ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ರೀ, ಈ ಪೆಟ್ರೋಲ್ ವಾಸನೆ ನನಗಾಗಲ್ಲ. ಹೀಗೇ ಇದ್ರೆ ನಾಳೆಯಿಂದ ನೀವೂ ನಿಮ್ಮ ಪುಸ್ತಕಾನೂ ತೇಲಾಡ್ಕೊಂಡಿರಿ."

ಬಗ್ಗಿ ನೋಡಿದೆ. ಟ್ಯಾಂಕಿನ ಮುಚ್ಚಳದ ಮೇಲೆ ಬೆರಳ ತುದಿಯಷ್ಟು ದೊಡ್ಡ ಸ್ಕ್ರೂ ಒಂದು ಸಡಿಲವಾಗಿತ್ತು. ವಾಸನೆ ಅಲ್ಲಿಂದ. ಮನೆಯಿಂದ ಇಕ್ಕಳ ತಂದು ಅದನ್ನು ಹಲ್ಲು ಕಚ್ಚಿ ಬಿಗಿದೆ. ವಾಸನೆ ಮಂಗಮಾಯ. "ಅಬ್ಬಾ, ನಿಮ್ಮ ಕೈಲೂ ಒಂದು ಕೆಲಸ ಆಯ್ತು!" ಎಂದಳು. ಮದುವೆಯಾದ ಮೂವತ್ತಾರು ವರ್ಷಗಳಲ್ಲಿ ಇಂಥ ಪ್ರಶಸ್ತಿ ನನಗೆ ಬಂದಿರಲಿಲ್ಲ.

ಅದು ಟ್ಯಾಂಕಿನೊಳಗೆ ಗಾಳಿ ಹೋಗಲೆಂದೇ ಇಟ್ಟ ಸ್ಕ್ರೂ. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲು ಹೊರಗೆ ಬರುವುದಿಲ್ಲ. ದೋಣಿ ಓಡಿಸುವ ಎಲ್ಲರಿಗೂ ಇದು ಗೊತ್ತು. ನನಗೆ ಗೊತ್ತಿರಲಿಲ್ಲ. ಕೈಪಿಡಿಯನ್ನು ಓದಿದ್ದೆ, ಭಾಷೆ ತೀರಾ ಒಣಕಲು ಎಂದು ಎಂಟನೆಯ ಪುಟಕ್ಕೆ ಬಿಟ್ಟಿದ್ದೆ. ಸ್ಕ್ರೂ ಬರುವುದು ಒಂಬತ್ತರಲ್ಲಿ.

ಮರುದಿನ ದಡದಿಂದ ಹೊರಟ ಹದಿನೈದು ನಿಮಿಷಕ್ಕೆ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಎಳೆದೆ. ರಟ್ಟೆ ಬಿದ್ದುಹೋಯಿತು. ಕೊನೆಗೆ ಹುಟ್ಟು ಹಾಕಿಕೊಂಡು ವಾಪಸು ಬಂದೆವು. ಹುಟ್ಟು ಹಾಕಿದವಳು ಅವಳು. ದಿಕ್ಕು ತೋರಿಸಿದವನು ನಾನು.

ಅದೇ ಎಂಜಿನ್ನಿಗೆ ಹಿಂದಿನ ವಾರವಷ್ಟೇ ಗ್ರೀಸಣ್ಣ ಸರ್ವಿಸ್ ಮಾಡಿದ್ದ. ಅಂದಮೇಲೆ ಅಪರಾಧಿ ಯಾರು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಎಂಜಿನ್ನನ್ನು ಕೈಗಾಡಿಯ ಮೇಲೆ ಮಲಗಿಸಿಕೊಂಡು ಶೆಡ್ಡಿಗೆ ನುಗ್ಗಿದೆ.

"ಏನ್ರೀ, ಇದೇನಾ ನೀವು ಮಾಡೋ ಸರ್ವಿಸ್ಸು?"

ಅವನು ನೀರು ತುಂಬಿದ ಡ್ರಮ್ಮಿಗೆ ಎಂಜಿನ್ ಕಟ್ಟಿ, ಶೆಡ್ಡಿನ ಟ್ಯಾಂಕಿನಿಂದ ಪೈಪು ಕೊಟ್ಟು ಓಡಿಸಿದ. ಮುಕ್ಕಾಲು ಗಂಟೆ ಓಡಿತು. ತುತ್ತೂರಿ ಊದಿದ ಹಾಗೆ ಓಡಿತು.

"ಎಂಜಿನ್ ಸರಿ ಇದೆ ಮೇಷ್ಟ್ರೇ. ನಿಮ್ಮ ಟ್ಯಾಂಕು ತನ್ನಿ, ಒಂದ್ಸಲ ನೋಡೋಣ."

"ಟ್ಯಾಂಕು ಯಾಕ್ರೀ? ನೆಗಡಿಯಾಗಿರೋದು ಮೂಗಿಗೆ. ನೀವು ಊಟದ ತಟ್ಟೆ ತನ್ನಿ ಅಂತೀರಲ್ಲ!"

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಮಾತು ನನಗೂ ಇಷ್ಟವಾಯಿತು. ಆ ಖುಷಿಯಲ್ಲಿ ಟ್ಯಾಂಕನ್ನು ಮನೆಯ ಉಗ್ರಾಣದಲ್ಲೇ ಬಿಟ್ಟೆ.

ಮೂರು ಸಲ ಹೀಗೇ ಆಯಿತು. ನೀರಿನಲ್ಲಿ ನಿಲ್ಲುವುದು, ಶೆಡ್ಡಿನಲ್ಲಿ ಓಡುವುದು. ಈ ನಡುವೆ ನನಗೊಂದು ಸಿದ್ಧಿಯೂ ಒಲಿದಿತ್ತು. ಎಂಜಿನ್ ನಿಂತಾಗ, ಪೆಟ್ರೋಲ್ ಇದೆಯೇ ಎಂದು ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿ ಹಗ್ಗ ಎಳೆದರೆ ಶುರುವಾಗುತ್ತಿತ್ತು! (ಮುಚ್ಚಳ ತೆಗೆದಾಗ ಗಾಳಿ ಹೋಗುತ್ತಿತ್ತು, ಅಷ್ಟೇ.) ನನ್ನ ದೃಷ್ಟಿಗೇ ಯಂತ್ರ ಹೆದರುತ್ತದೆ ಎಂದು ಹೆಂಡತಿಗೆ ಹೇಳಿದೆ. "ಅದಾದ್ರೂ ಹೆದರ್ಲಿ ಬಿಡಿ," ಎಂದಳು.

ಮೂರನೆಯ ಸಲ ಮನೆಗೆ ಬಂದವನೇ ಮರೀನಾದ ಮ್ಯಾನೇಜರಿಗೆ ದೂರು ಬರೆಯಲು ಕೂತೆ. ಇಂಥ ಬರವಣಿಗೆ ನನಗೆ ಎಂದೂ ಕೂಡಿಬಂದಿರಲಿಲ್ಲ. 'ಯಂತ್ರವನ್ನು ಮುಟ್ಟುವ ಕೈಗೆ ಆತ್ಮಸಾಕ್ಷಿಯೂ ಇರಬೇಕಾಗುತ್ತದೆ' ಎಂದು ಶುರುವಾಗಿ, 'ನಿರ್ಲಕ್ಷ್ಯದ ಪರಾಕಾಷ್ಠೆ'ಯನ್ನು ಹಾದು, 'ನಡುನೀರಿನಲ್ಲಿ ಕೈಬಿಟ್ಟ ಕುಶಲಕರ್ಮಿ'ಯಲ್ಲಿ ಮುಗಿಯಿತು. ಮ್ಯಾನೇಜರು ಎರಡು ಸಲ ಓದಿದರು.

"ಎಷ್ಟು ಚೆನ್ನಾಗಿ ಬರೆದಿದ್ದೀರಿ ಸಾರ್! ಮನೇಲೂ ಓದಿ ಹೇಳ್ತೀನಿ. ಇದನ್ನ ಅವನ ಫೈಲಿಗೇ ಹಾಕಿಸ್ತೀನಿ, ಭದ್ರವಾಗಿರುತ್ತೆ."

ಮಾರನೆಯ ದಿನ ಗ್ರೀಸಣ್ಣ ನಮ್ಮ ದೋಣಿಯ ಹತ್ತಿರ ಬಂದು ನಿಂತ. "ನಾನೂ ಹತ್ತುತ್ತೀನಿ ಮೇಷ್ಟ್ರೇ. ನೀವು ದಿನಾ ಹೇಗೆ ಓಡಿಸ್ತೀರೋ ಹಾಗೇ ಓಡಿಸಿ. ನಾನು ಬಾಯಿ ಬಿಡಲ್ಲ."

ಹದಿನೈದು ನಿಮಿಷಕ್ಕೆ ಸರಿಯಾಗಿ ಎಂಜಿನ್ ಕೆಮ್ಮಿತು, ನಿಂತಿತು. "ನೋಡಿ!" ಎಂದೆ ನಾನು, ಗೆದ್ದವನ ದನಿಯಲ್ಲಿ. ಅವನು ಎಂಜಿನ್ನಿನ ಕಡೆ ತಿರುಗಲೂ ಇಲ್ಲ. ಬಗ್ಗಿ ಟ್ಯಾಂಕಿನ ಮುಚ್ಚಳದ ಮೇಲೆ ಬೆರಳಿಟ್ಟ. ಸ್ಕ್ರೂವಿನ ಮೇಲಿದ್ದ ಇಕ್ಕಳದ ಗುರುತನ್ನು ಉಗುರಿನಿಂದ ಸವರಿದ. ತಲೆಯೆತ್ತಿ ನನ್ನನ್ನು ನೋಡಿದ. ಜೇಬಿನಿಂದ ಇಕ್ಕಳ ತೆಗೆದು ಸ್ಕ್ರೂ ಸಡಿಲಿಸಿದ. ಟ್ಯಾಂಕು 'ಉಸ್ಸ್' ಎಂದು ಉಸಿರೆಳೆದುಕೊಂಡಿತು. ಮೂರು ವಾರದಿಂದ ನಾನು ಅದರ ಕತ್ತು ಹಿಸುಕಿದ್ದೆ ಎಂದು ಆಗ ನನಗೆ ಅರ್ಥವಾಯಿತು.

"ಏನಾಗಿತ್ತು ಅಣ್ಣಾ?" ಎಂದು ಹೆಂಡತಿ ಕೇಳಿದಳು.

ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ನಾನು ಹೇಳಲಿ ಎಂದು ಕಾದಿರಬೇಕು. ನಾನು ದೂರದ ಒಂದು ಹಕ್ಕಿಯನ್ನು ನೋಡುತ್ತಿದ್ದೆ. (ಹಕ್ಕಿ ಇರಲಿಲ್ಲ.)

"ನನ್ನ ಕಡೆಯಿಂದ ಒಂದು ತಪ್ಪಾಗಿತ್ತು ಅಕ್ಕಾ. ಸರಿ ಮಾಡಿದೆ," ಎಂದ.

ನಾನು ಹಕ್ಕಿಯನ್ನೇ ನೋಡುತ್ತಿದ್ದೆ. ಬದುಕಿನಲ್ಲಿ ನಾನು ಮಾಡಿದ ಅತಿ ಕೀಳು ಕೆಲಸ ಯಾವುದೆಂದು ಕೇಳಿದರೆ ಆ ದೂರಲ್ಲ, ಆ ಹಕ್ಕಿ.

ಅವನು ಮೂರು ತಿಂಗಳು ಎಂಜಿನ್ ಮುಟ್ಟಕೂಡದು ಎಂದು ಮ್ಯಾನೇಜರರ ಆಜ್ಞೆಯಾಯಿತು. ಅಷ್ಟು ದಿನವೂ ಗ್ರೀಸಣ್ಣ ದೋಣಿಗಳ ತಳದ ಪಾಚಿ ಕೆರೆದ. ನಾನು ತಡೆಯಲಾರದೆ ಫ್ಲಾಸ್ಕಿನಲ್ಲಿ ಕಾಫಿ ಹಾಕಿಕೊಂಡು ಹೋದೆ. ಅವನು ಬಿಸಾಡಲಿಲ್ಲ, ಕುಡಿದ. ಮತ್ತೆ ಹೋದೆ. ಡಬ್ಬವೊಂದನ್ನು ಬೋರಲು ಹಾಕಿಕೊಂಡು ಕೂತು ಪೇಪರು ಓದಿ ಹೇಳುತ್ತಿದ್ದೆ, ಅವನು ಕೆರೆಯುತ್ತ ಕೇಳುತ್ತಿದ್ದ. ಹೀಗೆ ಶುರುವಾದದ್ದು ಸ್ನೇಹವಾಯಿತು. ಅವನಷ್ಟು ನೇರವಾದ ಗೆಳೆಯ ನನಗೆ ಇನ್ನೊಬ್ಬನಿರಲಿಲ್ಲ.

ನೇರ ಎಂದೆನಲ್ಲ, ಅವನು ನನ್ನನ್ನು ಸುಮ್ಮನೆ ಬಿಡಲಿಲ್ಲ ಎಂದು ಅರ್ಥ. ಒಂದು ದಿನ ದೋಣಿಯ ತಳದಿಂದಲೇ ಹೇಳಿದ: "ಮೇಷ್ಟ್ರೇ, ಅಕ್ಕನ ಎದುರಿಗೆ ನಿಮ್ಮ ಮರ್ಯಾದೆ ನಾನು ಉಳಿಸಿದೆ. ಮ್ಯಾನೇಜರ ಹತ್ರ ನನ್ನದು ನೀವು ಉಳಿಸಿ. ಇಷ್ಟು ವರ್ಷಕ್ಕೆ ನನ್ನ ಫೈಲಲ್ಲಿ ಇರೋ ದೂರು ಇದೊಂದೇ. ರಿಟೈರಾಗೋದ್ರೊಳಗೆ ಅದು ಅಲ್ಲಿಂದ ಹೋಗ್ಬೇಕು."

"ಈ ವಾರವೇ ಬರೀತೀನಿ ಗ್ರೀಸಣ್ಣ," ಎಂದೆ. ಅದು ಎರಡು ವರ್ಷ ನಾಲ್ಕು ತಿಂಗಳ ಹಿಂದಿನ ಮಾತು.

ಬರೆಯಲಿಲ್ಲವೆಂದಲ್ಲ. ಮೊದಲನೆಯ ಕರಡಿನಲ್ಲಿ 'ಕೆಲವು ತಾಂತ್ರಿಕ ಸನ್ನಿವೇಶಗಳು' ಬಂದವು. ಅವನು ಓದಿ, "ಇದ್ಯಾರು?" ಎಂದ. ಎರಡನೆಯದರಲ್ಲಿ 'ಸ್ಕ್ರೂ ಬಿಗಿಯಲ್ಪಟ್ಟಿತ್ತು' ಎಂದಿತ್ತು. "ಯಾರು ಬಿಗಿದ್ರು ಅಂತ ಪೊಲೀಸರಿಗೆ ಕೊಡೋಣ್ವಾ?" ಎಂದ.

"ದೂರು ಒಂದೇ ಸಂಜೆಗೆ ಬರೆದ್ರಲ್ಲ ಮೇಷ್ಟ್ರೇ!"

"ಅದು ಕೋಪ ಮಾರಾಯ, ತಾನಾಗೇ ಬರುತ್ತೆ. ಇದಕ್ಕೆ ಶೈಲಿ ಬೇಕು."

"ಶೈಲಿ ಬೇಡ. ಸ್ಕ್ರೂ ನಾನು ಬಿಗಿದೆ ಅಂತ ಬರೀರಿ, ಸಾಕು."

ಅದೊಂದು ಸಾಲೇ ಕೈಗೆ ಬರುತ್ತಿರಲಿಲ್ಲ. ಕಾರಣ ಶೈಲಿಯಲ್ಲ. ಮ್ಯಾನೇಜರ ಹೆಂಡತಿಯೂ ನನ್ನ ಹೆಂಡತಿಯೂ ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಹೋಗುತ್ತಾರೆ. ನನ್ನ ಹೆಂಡತಿ ಆಗಲೇ ಬಂಧುಬಳಗಕ್ಕೆಲ್ಲ ಹೇಳಿಬಿಟ್ಟಿದ್ದಳು: "ನಮ್ಮನೆಯವರು ಬಿಡ್ಲೇ ಇಲ್ಲ. ಕೊನೆಗೆ ಆ ಗ್ರೀಸಣ್ಣನೇ ತಪ್ಪು ಒಪ್ಕೊಂಡ್ರು." ಹಾಗೆ ಹೇಳುವಾಗ ಅವಳ ಮುಖದಲ್ಲಿ ನನ್ನ ಬಗ್ಗೆ ಒಂದು ಹೆಮ್ಮೆ ಕಾಣುತ್ತಿತ್ತು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಒಬ್ಬನ ಮೂವತ್ತೊಂದು ವರ್ಷದ ಹೆಸರನ್ನು ಕೊಟ್ಟು ಅದನ್ನು ಇಟ್ಟುಕೊಂಡಿದ್ದೆ.

ಇದೂ ಸಾಲದೆಂಬಂತೆ, ದೋಣಿ ಇಟ್ಟುಕೊಂಡವರ ಸಂಘ ನನ್ನಿಂದ ಉಪನ್ಯಾಸ ಏರ್ಪಡಿಸಿತು. ವಿಷಯ: 'ಎಂಜಿನ್ ರಿಪೇರಿಗೆ ಒಳ್ಳೆಯ ಸರ್ವಿಸ್ ಪಡೆಯುವ ಬಗೆ'. ಬೇಡವೆನ್ನಬಹುದಿತ್ತು. ಶಾಲು ಹೊದಿಸುತ್ತೇವೆ ಎಂದರು, ಹೋದೆ. ಮೆಕ್ಯಾನಿಕ್ಕಿನ ಎದುರು ಮೆತ್ತಗಾಗಬಾರದು, ಲಿಖಿತ ರೂಪದಲ್ಲಿ ಕೇಳಬೇಕು ಎಂದೆಲ್ಲ ನಲವತ್ತು ನಿಮಿಷ ಬೋಧಿಸಿದೆ. ಕುರ್ಚಿ ಹಾಕಿದವನು ಗ್ರೀಸಣ್ಣ. ಕೊನೆಯ ಸಾಲಿನಲ್ಲಿ ಕೂತು ಪೂರ್ತಿ ಕೇಳಿ, ಎಲ್ಲರಿಗಿಂತ ಒಂದು ಚಪ್ಪಾಳೆ ಹೆಚ್ಚು ಹೊಡೆದ. ಮುಗಿದ ಮೇಲೆ ಹತ್ತಿರ ಬಂದು, "ಟ್ಯಾಂಕಿನ ವಿಷಯ ಬರಲೇ ಇಲ್ಲವಲ್ಲ ಮೇಷ್ಟ್ರೇ?" ಎಂದ. ಶಾಲು ಮೈಮೇಲೆ ಮುಳ್ಳಿನ ಹಾಗೆ ಚುಚ್ಚಿತು. ಆದರೂ ಮರುದಿನ ಬರೆಯಲಿಲ್ಲ.

ತೀರಿಕೊಳ್ಳುವ ಮೂರು ದಿನ ಮುಂಚೆ, ಶನಿವಾರ, ಅವನು ಶೆಡ್ಡಿನಲ್ಲಿ ಕುಸಿದ. ಭಾನುವಾರ ಸುದ್ದಿ ಸಿಕ್ಕಿತು. ಸೋಮವಾರ ಬೆಳಿಗ್ಗೆ ಕೂತವನು ಹತ್ತು ನಿಮಿಷದಲ್ಲಿ ಬರೆದೆ. ಆರು ಸಾಲು. ಸ್ಕ್ರೂ ನಾನು ಬಿಗಿದೆ; ಟ್ಯಾಂಕು ಕೇಳಿದಾಗ ನಾನು ಕೊಡಲಿಲ್ಲ; ಗೊತ್ತಾದ ಮೇಲೂ ಸುಮ್ಮನಿದ್ದೆ; ದೂರು ಸುಳ್ಳು; ಅದನ್ನು ಫೈಲಿನಿಂದ ತೆಗೆಯಿರಿ; ತಪ್ಪು ಪೂರ್ತಿಯಾಗಿ ನನ್ನದು. ಆ ಕಾಗದ ಮಂಗಳವಾರ ಹತ್ತು ಗಂಟೆಗೆ ಮ್ಯಾನೇಜರ ಕೈ ಸೇರಿತು. ಸಂಜೆಯೊಳಗೆ ದೂರು ಫೈಲಿನಿಂದ ಹೊರಗೆ ಬಂತು. ಬೆಳಿಗ್ಗೆ ಆರೂವರೆಗೇ ಹೊರಟುಹೋದವನಿಗೆ ಅದರಿಂದ ಏನಾಗಬೇಕಿತ್ತು?

ಆದರೆ ನಾನು ಹೇಳಬೇಕಾದದ್ದು ಸೋಮವಾರ ನಾಲ್ಕು ಗಂಟೆಯದು. ಆಸ್ಪತ್ರೆಗೆ ನನ್ನ ಜೊತೆ ಹೆಂಡತಿಯೂ ಹೊರಟುನಿಂತಳು. "ನೀನ್ಯಾಕೆ? ಬಿಸಿಲು," ಎಂದೆ. "ನೀವೇನು ನೆರಳಲ್ಲಿ ಹೋಗ್ತೀರಾ?" ಎಂದಳು.

ಮಂಚದ ಮೇಲೆ ಅವನು ಅರ್ಧ ಆಗಿಹೋಗಿದ್ದ. ಎಡಗೈಗೆ ಸೂಜಿ. ನನ್ನನ್ನು ನೋಡಿದವನೇ ಬಲಗೈ ಚಾಚಿದ.

"ತಂದ್ರಾ?"

ಜೇಬಿನಿಂದ ಕಾಗದ ತೆಗೆದುಕೊಟ್ಟೆ. ತುಟಿ ಅಲ್ಲಾಡಿಸುತ್ತ ಪೂರ್ತಿ ಓದಿದ. "ಈಗ ಓಡ್ತದೆ ನೋಡಿ," ಎಂದ.

"ಏನಣ್ಣಾ ಅದು?" ಎಂದಳು ಹೆಂಡತಿ.

ಅವನು ನನ್ನ ಕಡೆ ನೋಡಿದ. ಈ ಸಲ ನಾನು ಹಕ್ಕಿ ಹುಡುಕಲಿಲ್ಲ. "ಓದು," ಎಂದೆ.

ಓದಿದಳು. ಆರು ಸಾಲಿಗೆ ಎಷ್ಟು ಹೊತ್ತು ಬೇಕು? ನಾನು ಗೋಡೆಯ ಗಡಿಯಾರ ನೋಡುತ್ತಲೇ ಇದ್ದೆ. ಕೊನೆಗೆ ಅವಳು ನನ್ನನ್ನು ಬಿಟ್ಟು ಅವನ ಕಡೆ ತಿರುಗಿದಳು.

"ಅಣ್ಣಾ, ಎರಡು ವರ್ಷದಿಂದ ಊರೆಲ್ಲ ನಿಮ್ಮದೇ ತಪ್ಪು ಅಂತ ಹೇಳ್ಕೊಂಡು ಬಂದಿದ್ದೀನಿ. ನನ್ನ ಮುಖ ಎಲ್ಲಿಟ್ಕೊಳ್ಳಲಿ?"

"ನಿಮ್ಮದೇನಿಲ್ಲ ಅಕ್ಕಾ. ನಾನೇ ಹೇಳಿದ ಸುಳ್ಳಲ್ವಾ?"

"ಇವರನ್ನ ಹೇಗೆ ಸಹಿಸ್ಕೊಂಡ್ರಿ?"

"ನೀವು ಸಹಿಸ್ಕೊಳ್ಳೋದು ನೋಡಿ ಕಲಿತೆ."

ಇಬ್ಬರೂ ನಕ್ಕರು. ಅವಳಿಗೆ ನಗುತ್ತಲೇ ಕಣ್ಣಲ್ಲಿ ನೀರು ಬಂತು. ನಾನು ಅಲ್ಲಿ ಇರಲೇ ಇಲ್ಲವೆಂಬಂತೆ ಇಬ್ಬರೂ ನನ್ನ ಬಗ್ಗೆ ಐದು ನಿಮಿಷ ಮಾತಾಡಿದರು. ಒಂದು ಮಾತೂ ಸುಳ್ಳಾಗಿರಲಿಲ್ಲ.

ಕಾಗದವನ್ನು ವಾಪಸು ತೆಗೆದುಕೊಳ್ಳಲು ನಾನು ಕೈ ಚಾಚಿದೆ.

"ಇವರ ಕೈಗೆ ಕೊಡಬೇಡಿ ಅಕ್ಕಾ," ಎಂದ. "ರಾತ್ರಿ ಕೂತು ಮತ್ತೆ ತಿದ್ದುತ್ತಾರೆ. ನೀವೇ ತಲುಪಿಸಿ."

ಅವಳು ಮಡಿಸಿ ಬ್ಯಾಗಿಗೆ ಹಾಕಿದಳು. ಜಿಪ್ಪು ಎಳೆದರೆ ಅರ್ಧಕ್ಕೆ ಸಿಕ್ಕಿಕೊಂಡಿತು. "ಇದೊಂದು, ಯಾವಾಗಲೂ ಹೀಗೇ," ಎಂದು ಗೊಣಗಿದಳು.

"ತನ್ನಿ ಇಲ್ಲಿ. ಮೇಷ್ಟ್ರೇ, ಆ ಸೋಪು ಕೊಡಿ."

ಕೈ ತೊಳೆಯುವ ಬೇಸಿನ್ನಿನ ಹತ್ತಿರವಿದ್ದ ಸೋಪಿನ ಚೂರು ತಂದುಕೊಟ್ಟೆ. ಆ ದಿನ ನನ್ನಿಂದಾದ ಉಪಕಾರ ಅದೊಂದೇ. ಹೆಂಡತಿ ಬ್ಯಾಗನ್ನು ಹಿಡಿದುಕೊಂಡಳು. ಅವನು ಒಂದೇ ಕೈಯಲ್ಲಿ ಜಿಪ್ಪಿನ ಹಲ್ಲುಗಳಿಗೆ ಸೋಪು ತಿಕ್ಕಿದ, ಒಂದು ಹಲ್ಲನ್ನೂ ಬಿಡದೆ. ನಡುವೆ ಎರಡು ಸಲ ನಿಲ್ಲಿಸಿ ಉಸಿರು ತೆಗೆದುಕೊಂಡ. ಸಾಕು ಬಿಡಿ ಎಂದರೂ ಬಿಡಲಿಲ್ಲ. ಮೂರು ಸಲ ಹಿಂದೆ ಮುಂದೆ ಎಳೆದು ನೋಡಿ, "ಈಗ ನೀವು ಎಳೀರಿ ಅಕ್ಕಾ," ಎಂದ.

ಅವಳು ಎಳೆದಳು. ತುದಿಯವರೆಗೂ ಸರಾಗವಾಗಿ ಹೋಯಿತು.

ಅವನು ಕೈ ಒರೆಸಿಕೊಳ್ಳಲು ಬಟ್ಟೆಗಾಗಿ ಅತ್ತಿತ್ತ ನೋಡಿದ. ಏನೂ ಸಿಗಲಿಲ್ಲ. ನಾನು ಮಂಚಕ್ಕೆ ತಾಗಿಕೊಂಡು ನಿಂತಿದ್ದೆ. ಸೋಪಾದ ಬೆರಳುಗಳನ್ನು ಒಂದೊಂದಾಗಿ ನನ್ನ ಅಂಗಿಯ ಅಂಚಿಗೆ ಒರೆಸಿದ.