ಸೊನ್ನೆ ನಂಬರಿನ ಎಣ್ಣೆ ಮತ್ತು ಸೋದರಮಾವನ ಆಯೇರಿ

ಓಡುವ ಜಿಂಕೆಯ ಚಿತ್ರವಿರುವ ಎಂಜಿನ್ ಆಯಿಲ್ ಕಂಪನಿಯ ಗ್ರಾಹಕ ಸಲಹಾ ದೂರವಾಣಿಯಲ್ಲಿ ಹಗಲಿರುಳು ದಣಿಯದೆ ಮಾತನಾಡುವ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಸಿಂದಗಿಯಿಂದ ಪರಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಈ ಕಡೆ ನಾವೆಲ್ಲರೂ ಕ್ಷೇಮ, ನಮ್ಮ ಕಾರೊಂದು ಮಾತ್ರ ಕ್ಷೇಮವಿಲ್ಲ. ಆ ಕಡೆ ಕರೆಂಟು ಸರಿಯಾಗಿ ಬರುತ್ತಿದ್ದು ತಾವೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ತಾವು ಮಾತನಾಡಬಲ್ಲಿರೇ ಹೊರತು ಓದಬಲ್ಲಿರೋ ಇಲ್ಲವೋ ನನಗೆ ಗೊತ್ತಿಲ್ಲ. ಓದಬಲ್ಲವರು ಯಾರಾದರೂ ತಮ್ಮ ಕಿವಿಗೆ ಹಾಕಲಿ ಎಂಬ ಆಸೆ.

ನಾನು ಸಬ್‌ರಜಿಸ್ಟ್ರಾರ್ ಕಚೇರಿಯ ಎದುರು ಕುಳಿತು ಖರೀದಿ ಪತ್ರ, ಆಸ್ತಿ ಪಾಲಿನ ವಾಟಣಿ ಪತ್ರ, ಮೃತ್ಯುಪತ್ರಗಳನ್ನು ಬರೆದುಕೊಡುವ ಬಾಂಡ್ ರೈಟರ್. ಆದ್ದರಿಂದ 'ಸದರಿ' ಎಂಬ ಶಬ್ದವಿಲ್ಲದೆ ನನಗೆ ಉಸಿರಾಡಲಿಕ್ಕೂ ಬರುವುದಿಲ್ಲ, ತಾವು ಸಹಿಸಬೇಕು. ಸದರಿ ಕಾರು ನಮ್ಮ ತಂದೆಯವರು ಕೊಂಡದ್ದು. ಹತ್ತೊಂಬತ್ತುನೂರಾ ಅರವತ್ತಾರರಲ್ಲಿ ಹುಟ್ಟಿದ ಬಿಳಿ ಅಂಬಾಸಿಡರ್. ನನ್ನ ಹೆಂಡತಿ ಕಸ್ತೂರೆವ್ವ ಇಂಡಿಯಿಂದ ಈ ಮನೆಗೆ ಮದುಮಗಳಾಗಿ ಬಂದದ್ದು ಇದರಲ್ಲಿಯೇ. ನಮ್ಮ ಮಗಳು ಭುವನೇಶ್ವರಿಗೆ ಬಸವನ ಬಾಗೇವಾಡಿಯ ವರ ಗೊತ್ತಾದಾಗ ಆಕೆ ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. "ಅಪ್ಪಾ, ಅವ್ವ ಬಂದ ಗಾಡ್ಯಾಗ ನಾ ಹೋಗ್ತೇನಿ" ಎಂದಳು. ಇಂಥ ಮಾತಿಗೆ ಇಲ್ಲವೆನ್ನುವ ತಂದೆ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಜೋಳದ ಕಣಕಿಯ ಮರೆಯಲ್ಲಿ ವರ್ಷಗಟ್ಟಲೆ ಮಲಗಿದ್ದ ಕಾರನ್ನು ನಮ್ಮ ಊರಿನ ಮೆಕ್ಯಾನಿಕ್ ಇಸ್ಮಾಯಿಲ ಎಬ್ಬಿಸಿ ನಿಲ್ಲಿಸಿದ. ಉಳಿದದ್ದು ಎಂಜಿನ್ನಿಗೆ ಯಾವ ಎಣ್ಣೆ ಎಂಬ ಪ್ರಶ್ನೆ. ನಮ್ಮ ತಂದೆಯವರು ದಪ್ಪನೆಯ ಮಿನರಲ್ ಆಯಿಲನ್ನೇ ಹಾಕುತ್ತಿದ್ದರು. ಸುರಿದರೆ ಅದು ಬೆಲ್ಲದ ಪಾಕದಂತೆ ಸಾವಕಾಶ ಇಳಿಯುತ್ತಿತ್ತು. ಇಸ್ಮಾಯಿಲನನ್ನು ಕೇಳಿದೆ. ಅವನು ಬೀಡಿ ಆರಿಸದೆಯೇ, "ಯಾವ್ದರ ತರ್ರಿ ಸಾಹೇಬ್ರ, ಹಾಕ್ತೇನಿ. ಗಾಡಿ ಓಡಿದ್ರ ನನ್ನ ಕೈಗುಣ, ನಿಂತ್ರ ಆಯಿಲ್ ಗುಣ" ಎಂದು ತನ್ನ ಜವಾಬ್ದಾರಿಯ ಚತುಸ್ಸೀಮೆಯನ್ನು ನಾನು ಬರೆದಿದ್ದರೂ ಇಷ್ಟು ಚೊಕ್ಕವಾಗಿ ಬರೆಯಲಾಗದಂತೆ ಗುರುತಿಸಿಬಿಟ್ಟ. ಮಗಳ ಲಗ್ನ, ಒಳ್ಳೆಯದರಲ್ಲಿ ಒಳ್ಳೆಯದೇ ಇರಲಿ ಎಂದು ನಾನು ತಮಗೆ ಫೋನು ಮಾಡಿದೆ.

ಆಹಾ, ತಮ್ಮ ವಿನಯವೇ ವಿನಯ! ವಾಹನದ ವರ್ಷ ಹೇಳಿ ಎಂದಿರಿ. ಅರವತ್ತಾರು ಎಂದೆ. ಕ್ಷಮಿಸಿ, ಸರಿಯಾದ ವರ್ಷ ಹೇಳಿ ಎಂದಿರಿ. ಮತ್ತೆ ಅರವತ್ತಾರು ಎಂದೆ, ಮತ್ತೆ ಕ್ಷಮೆ ಕೇಳಿದಿರಿ. ನಮ್ಮ ಮನೆಯಲ್ಲಿ ಯಾರೂ ನನ್ನ ಕ್ಷಮೆಯನ್ನು ಇಷ್ಟು ಸಲ ಕೇಳಿದ್ದಿಲ್ಲವಾದ್ದರಿಂದ ನಾನು ಕರಗಿಹೋಗಿ, ಎರಡು ಸಾವಿರದ ಹದಿನಾರು ಎಂದುಬಿಟ್ಟೆ. ವರನ ವಯಸ್ಸು ಇಳಿಸಿ ಹೇಳುವವರನ್ನು ಬಹಳ ಜನ ಕಂಡಿದ್ದೇನೆ. ಕಾರಿನ ವಯಸ್ಸು ಐವತ್ತು ವರ್ಷ ಇಳಿಸಿದವನು ನಾನೊಬ್ಬನೇ ಇರಬೇಕು. ತಮಗೆ ಸಂತೋಷವಾಗಿ, ಸಂಪೂರ್ಣ ಸಿಂಥೆಟಿಕ್, ಸೊನ್ನೆ ನಂಬರಿನ ಎಣ್ಣೆಯನ್ನು ಹಾಕಿಸಲು ಅಪ್ಪಣೆ ಕೊಡಿಸಿದಿರಿ.

ಸದರಿ ಸೊನ್ನೆಯ ಅರ್ಥ ನನಗೆ ಆಮೇಲೆ ತಿಳಿಯಿತು: ಹಿಮ ಬೀಳುವ ಚಳಿಯಲ್ಲಿಯೂ ಈ ಎಣ್ಣೆ ಹೆಪ್ಪುಗಟ್ಟದೆ ನೀರಿನಂತೆ ಹರಿಯುತ್ತದೆಯಂತೆ. ಸಿಂದಗಿಯಲ್ಲಿ ಹಿಮ ಬಿದ್ದ ದಿನ ಇಡೀ ತಾಲೂಕು ತಮ್ಮ ದೂರದೃಷ್ಟಿಯನ್ನು ಕೊಂಡಾಡಲಿದೆ. ಸದ್ಯ ನಮ್ಮಲ್ಲಿ ಮಾರ್ಚ್ ಬಂತೆಂದರೆ ಕಾಗೆಗಳು ಕೂಡ ನೆರಳು ಬಿಟ್ಟು ಹೊರಡುವುದಿಲ್ಲ. ಹಳೆಯ ಎಂಜಿನ್ನಿನ ಕೀಲುಗಳಲ್ಲಿ ಸಂದು ಹೆಚ್ಚು, ಅದರ ಪ್ಯಾಕಿಂಗುಗಳು ಬಾಟಲಿಯ ಬೂಚಿನಂಥ ಕಾರ್ಕಿನವು. ತಮ್ಮ ಎಣ್ಣೆ ಆ ಸಂದುಗಳಲ್ಲಿ ದಾರಿ ಹುಡುಕಿಕೊಂಡು, ಅರಿಷಿಣ ಹಚ್ಚುವ ದಿನ ನಮ್ಮ ಅಂಗಳದ ರಂಗೋಲಿಯ ಮೇಲೆ ತಾನೂ ಒಂದು ರಂಗೋಲಿ ಬರೆಯಿತು. ಅದರ ಹರಿಯುವ ಶಕ್ತಿಯ ಬಗ್ಗೆ ತಮ್ಮ ಜಾಹೀರಾತಿನಲ್ಲಿ ಹೇಳಿದ್ದೆಲ್ಲ ಅಕ್ಷರಶಃ ಸತ್ಯ. ಹಿಂದಿನ ದಿನ ತುಂಬಿದ್ದರಲ್ಲಿ ಅರ್ಧ ಎಂಜಿನ್ನಿನಲ್ಲಿತ್ತು, ಅರ್ಧ ಅಂಗಳದಲ್ಲಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ತಮಗೆ ತಿಳಿಸಬೇಕು. ಲಗ್ನದಲ್ಲಿ ಬೀಗರು ಬಿಜ್ಜರು ತರುವ ಉಡುಗೊರೆಗೆ ಆಯೇರಿ ಎನ್ನುತ್ತೇವೆ. ಅದರಲ್ಲಿಯೂ ಮದುಮಗಳ ಸೋದರಮಾವನ ಆಯೇರಿ ಎಂದರೆ ಬೇಡವೆನ್ನುವಂತಿಲ್ಲ, ಬದಿಗಿಡುವಂತಿಲ್ಲ, ಅರ್ಧ ಬಳಸಿ ಅರ್ಧ ಉಳಿಸುವಂತಿಲ್ಲ. ಭುವನೇಶ್ವರಿಯ ಸೋದರಮಾವ, ಅಂದರೆ ಕಸ್ತೂರೆವ್ವನ ತಮ್ಮ ಖಂಡೆಪ್ಪ, ಇಂಡಿಯಲ್ಲಿ ನಿಂಬೆ ತೋಟ ಇಟ್ಟವನು. ಅವನ ಮಗನ ಲಗ್ನದಲ್ಲಿ ನಾನು ಆಯೇರಿ ಮಾಡಿದ ರುಮಾಲು ತಲೆಗೆ ಸಾಲಲಿಲ್ಲವೆಂದು ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದ. ರುಮಾಲು ಸಣ್ಣದಿರಲಿಲ್ಲ, ತಲೆ ದೊಡ್ಡದಿತ್ತು, ಇರಲಿ. ಅಕ್ಕ ತಮ್ಮ ಹಬ್ಬಕ್ಕೆ ಹುಣ್ಣಿಮೆಗೆ ಒಬ್ಬರ ಮುಖ ಒಬ್ಬರು ಕಾಣದೆ ಹೋದರು, ಪಂಚಮಿಯ ಉಂಡಿ ಕಟ್ಟುವಾಗ ಕಸ್ತೂರೆವ್ವ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗದು ಕಾಣುತ್ತಿತ್ತು. ಲಗ್ನಕ್ಕೆ ಖಂಡೆಪ್ಪ ಬರುವನೋ ಇಲ್ಲವೋ ಎಂಬುದೇ ಆಕೆಯ ಚಿಂತೆಯಾಗಿತ್ತು, ಕಾರಿನದಲ್ಲ.

ಖಂಡೆಪ್ಪ ಬಂದ. ಕಾರು ಸೋರುವ ಸುದ್ದಿ ಅವನಿಗಿಂತ ಮುಂಚೆ ಇಂಡಿ ಮುಟ್ಟಿತ್ತಾದ್ದರಿಂದ, ಹರಿವಾಣದಲ್ಲಿ ಸೀರೆ, ಸೀರೆಯ ಮೇಲೆ ಖಣ, ಖಣದ ಮೇಲೆ ಕುಂಕುಮ ಹಚ್ಚಿದ ಟ್ರ್ಯಾಕ್ಟರ್ ಆಯಿಲಿನ ಡಬ್ಬಿ ಇಟ್ಟುಕೊಂಡು ಬಂದ. ನನ್ನ ಮುಖ ನೋಡದೆ ಕಾರಿನ ಬಾನೆಟ್ ನೋಡಿದ. ನಾನು ಬೇಡವೆಂದಿದ್ದರೆ ಉಣ್ಣದೆ ಹೊರಟುಹೋಗುತ್ತಿದ್ದ. ಬಾಗಿಲಲ್ಲಿ ನಿಂತ ಕಸ್ತೂರೆವ್ವ ನನ್ನನ್ನೇ ನೋಡುತ್ತಿದ್ದಳು. ಅತ್ತ ದರಿ, ಇತ್ತ ಪುಲಿ. ಹಾಕು ಎಂದು ಇಸ್ಮಾಯಿಲನಿಗೆ ಸನ್ನೆ ಮಾಡಿದೆ. ಇಡೀ ಡಬ್ಬಿ ಒಳಗೆ ಹೋಯಿತು. ಅಷ್ಟರಲ್ಲಿ ಮುದ್ದೇಬಿಹಾಳದಲ್ಲಿ ಬೋರ್‌ವೆಲ್ ಗಾಡಿ ಓಡಿಸುವ ನನ್ನ ಸ್ವಂತ ತಮ್ಮ ಯಂಕಪ್ಪ, ತನ್ನ ಗಾಡಿಗೆ ಹಾಕುವ ಎಣ್ಣೆಯ ಡಬ್ಬಿ ಹಿಡಿದು ಮುಂದೆ ಬಂದು, "ಸ್ವಾದರಮಾವಂದು ನಡೀತೈತಿ, ಕಾಕಾಂದು ನಡ್ಯಾಂಗಿಲ್ಲೇನು?" ಎಂದ. ಅದೂ ಹೋಯಿತು. ಎಂಜಿನ್ನಿನ ಹೊಟ್ಟೆ ಹಿಡಿಯುವುದೆಷ್ಟು, ನಾವು ಸುರಿದದ್ದೆಷ್ಟು ಎಂದು ಆ ಹೊತ್ತಿನಲ್ಲಿ ಕೇಳುವವರಿರಲಿಲ್ಲ. ಆಯೇರಿಯನ್ನು ಅಳತೆ ಮಾಡಿದವನ ಗತಿ ಏನಾಗುತ್ತದೆಂದು ನನಗೆ ರುಮಾಲು ಕಲಿಸಿತ್ತು.

ಮರುದಿನ ಬಾಗೇವಾಡಿಯ ಲಗ್ನಕ್ಕೆ ನಾನೇ ಕಾರು ನಡೆಸಿದೆ. ಹಿಂದೆ ಮಗಳು, ಅವಳ ಪಕ್ಕ ಕಸ್ತೂರೆವ್ವ. ಮುಂದೆ ನನ್ನ ಪಕ್ಕದಲ್ಲಿ, ಸೋದರಮಾವನ ಹಕ್ಕಿನಿಂದ, ಮೌನವ್ರತದ ಖಂಡೆಪ್ಪ. ದೇವರ ಹಿಪ್ಪರಗಿಯವರೆಗೆ ಎಂಜಿನ್ನು ದೇವರಂಥದು. ಆಮೇಲೆ ಮೂರು ಎಣ್ಣೆಗಳಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಹೊಟ್ಟೆ ಮೀರಿ ತುಂಬಿದ ಎಣ್ಣೆ ಒಳಗೇ ನೊರೆಯಾಯಿತು, ಹಿಂದೆ ನೀಲಿ ಹೊಗೆ ಎದ್ದಿತು, ಒಳಗೆ ಯಾರೋ ಕದ ಬಡಿದಂಥ ಸದ್ದು ಶುರುವಾಯಿತು. ನಾನು ದಾರಿ ನೋಡುತ್ತಿದ್ದೆ. ಖಂಡೆಪ್ಪ ಎಣ್ಣೆಯ ಒತ್ತಡ ತೋರಿಸುವ ಮೀಟರನ್ನು ನೋಡುತ್ತಿದ್ದ. ಆಗ ಅವನು ಬಾಯಿ ಬಿಟ್ಟ: "ಮಾವಾರ, ಸೂಜಿ ಇಳ್ಯಾಕತ್ತೈತ್ರಿ."

ಮಾನ್ಯರೇ, ಇಷ್ಟು ವರ್ಷಗಳ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಹಿಂದಿನ ಸೀಟಿನಲ್ಲಿ ಕಸ್ತೂರೆವ್ವ ಅಳತೊಡಗಿದಳು. ಮಗಳು ಅಗಲುವ ದುಃಖವೆಂದು ಎಲ್ಲರೂ ತಿಳಿದರು, ನಾನು ಹಾಗೆ ತಿಳಿಯಲಿಲ್ಲ. ಕಾರು ಬಾಗೇವಾಡಿಯ ಮಂಟಪದ ಎದುರಿಗೆ ಹೋಗಿ, ಒಮ್ಮೆ ಜೋರಾಗಿ ಮೈ ಕೊಡವಿ ನಿಂತಿತು. ಭುವನೇಶ್ವರಿ ಇಳಿದವಳು ಬಾನೆಟ್ಟಿನ ಮೇಲೆ ಕೈಯಿಟ್ಟು ನಮಸ್ಕರಿಸಿ ಒಳಗೆ ಹೋದಳು. ಎಂಜಿನ್ನು ಮತ್ತೆ ಏಳಲಿಲ್ಲ. ಲಗ್ನ ಚೆನ್ನಾಗಿ ಆಯಿತು.

ಈಗ ಎಳೆಸಿಕೊಂಡು ತಂದ ಕಾರು ನಮ್ಮ ಅಂಗಳದಲ್ಲಿದೆ, ಎಂಜಿನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡಿದೆ. ಪ್ರತಿ ರವಿವಾರ ಖಂಡೆಪ್ಪ ಇಂಡಿಯಿಂದ ಬರುತ್ತಾನೆ. ಕೆಟ್ಟದ್ದು ನಿಮ್ಮ ಸೊನ್ನೆ ಎಣ್ಣೆಯಿಂದ ಎಂದು ಅವನು, ನಿನ್ನ ಟ್ರ್ಯಾಕ್ಟರ್ ಎಣ್ಣೆಯಿಂದ ಎಂದು ನಾನು. ಇಬ್ಬರೂ ಸೇರಿ ಊರಲ್ಲಿಲ್ಲದ ಯಂಕಪ್ಪನ ಎಣ್ಣೆಯಿಂದ ಎಂದು. ಸಂಜೆಯವರೆಗೆ ಜಗಳಾಡಿ, ಕಸ್ತೂರೆವ್ವ ಬಡಿದ ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಿಂದು, ಒಂದೂ ನಟ್ಟು ಬಿಗಿಯದೆ ಏಳುತ್ತೇವೆ. ಹೀಗೆ ಸುಖವಾಗಿದ್ದಾಗ ಖಂಡೆಪ್ಪ ತಮಗೆ ಫೋನು ಮಾಡಿದ. ತಾವು ತಮ್ಮ ವಿನಯಕ್ಕೆ ತಕ್ಕಂತೆ, ಎಂಜಿನ್ನಿನ ಎಣ್ಣೆಯನ್ನು ಒಂದು ಬಾಟಲಿಯಲ್ಲಿ ಕಳಿಸಿರಿ, ದೋಷ ಯಾವ ಎಣ್ಣೆಯದೆಂದು ನಮ್ಮ ಪ್ರಯೋಗಾಲಯ ತಿಳಿಸುವುದು ಎಂದಿರಿ. ಅವನು ನನಗೆ ಹೇಳದೆ ಬಾಟಲಿ ಕೊರಿಯರ್ ಮಾಡಿಬಿಟ್ಟಿದ್ದಾನೆ.

ಆದಕಾರಣ ನನ್ನ ವಿನಂತಿ. ಸದರಿ ಬಾಟಲಿಯನ್ನು ದಯಮಾಡಿ ಪರೀಕ್ಷಿಸಬೇಡಿ. ಪರೀಕ್ಷಿಸಲೇಬೇಕಾದರೆ ತಿಳಿಸಬೇಡಿ. ಖಂಡೆಪ್ಪ ಗೆದ್ದರೆ ಮೀಸೆ ತಿರುವಿ ಹೋಗುತ್ತಾನೆ, ಸೋತರೆ ಮುಖ ಮುಚ್ಚಿಕೊಂಡು ಹೋಗುತ್ತಾನೆ. ಎರಡರಲ್ಲಿಯೂ ಹೋಗುವುದಂತೂ ಖಂಡಿತ. ನಮ್ಮ ಕಡೆಯ ವಾಟಣಿ ದಾವೆಗಳಂತೆ ವಿಚಾರಣೆ ಮುಂದಿನ ತಾರೀಖಿಗೆ, ಅದರ ಮುಂದಿನ ತಾರೀಖಿಗೆ ಎಂದು ನಮ್ಮಿಬ್ಬರ ಆಯುಷ್ಯ ತೀರುವವರೆಗೆ ನಡೆಯಲಿ. ಅವನು ಮತ್ತೆ ಫೋನು ಮಾಡಿದರೆ, ವರ್ಷ ಸರಿಯಾಗಿ ಹೇಳಿ ಎನ್ನಿರಿ. ತಮಗೆ ಬರುವ ಕೆಲಸ ಅದು, ಅದರಲ್ಲಿ ತಮ್ಮನ್ನು ಮೀರಿಸಿದವರಿಲ್ಲ.

ಇತಿ, ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ, ಎಚ್ಚರದ ಬುದ್ಧಿಯಲ್ಲಿ ಬರೆದ

ತಮ್ಮ ವಿಶ್ವಾಸಿ,
ಪರಪ್ಪ, ಬಾಂಡ್ ರೈಟರ್, ಸಿಂದಗಿ

ತಾ.ಕ.: ತಮ್ಮ ಸೊನ್ನೆ ಎಣ್ಣೆ ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಕೆಡಬಾರದೆಂದು ತಲೆಬಾಗಿಲ ತಿರುಗಣಿಗೆ ಬಿಟ್ಟೆ. ಅದು ಅಲ್ಲಿಯೂ ನಿಲ್ಲದೆ ಹೊಸ್ತಿಲಿಗೆ ಇಳಿದುಹೋಯಿತು, ಬಾಗಿಲು ಮೊದಲಿನ ಹಾಗೆಯೇ ಕಿರುಗುಟ್ಟುತ್ತದೆ. ಇದಕ್ಕಾಗಿ ಕಸ್ತೂರೆವ್ವ ತಮ್ಮ ಕಂಪನಿಗೆ ಒಳ್ಳೆಯದಾಗಲೆಂದು ಹರಸಿದ್ದಾಳೆ. ರವಿವಾರ ಖಂಡೆಪ್ಪ ಬಂದದ್ದು ಅಡುಗೆಮನೆಯಲ್ಲಿದ್ದವಳಿಗೆ ಆ ಸಪ್ಪಳದಿಂದಲೇ ತಿಳಿಯುತ್ತದೆ.