ಒಳ್ಳೆಯ ಹೊಗೆಯ ವಿಚಾರಣೆ

ಹೊಗೆಯಲ್ಲಿ ಎರಡು ಬಗೆ: ಕೆಟ್ಟ ಹೊಗೆ, ಒಳ್ಳೆಯ ಹೊಗೆ. ಕೆಟ್ಟ ಹೊಗೆ ಎಬ್ಬಿಸಿದವರನ್ನು ಎಚ್ಚರಿಕೆ ಕೊಟ್ಟು ಬಿಡತಕ್ಕದ್ದು. ಒಳ್ಳೆಯ ಹೊಗೆ ಎಬ್ಬಿಸಿದವರನ್ನು ಅಷ್ಟು ಸುಲಭವಾಗಿ ಬಿಡತಕ್ಕದ್ದಲ್ಲ. ಇದು ಹೊಗೆ ನಿಯಂತ್ರಣ ಇಲಾಖೆಯ ನಿಯಮ.

ಇಲಾಖೆಯ ಎದುರು ಮನೆಯಲ್ಲೇ ಇದ್ದರೂ ದರ್ಜಿ ಹೆಂಗಸಿಗೆ ಇದು ಗೊತ್ತಿರಲಿಲ್ಲ. ಅವಳ ಚಿಂತೆಯೇ ಬೇರೆ. ಜ್ವರದಿಂದ ಎದ್ದ ಮಾವ ಊಟವನ್ನೇ ಬಿಟ್ಟಿದ್ದರು. ಏನು ಕೊಟ್ಟರೂ "ಮಣ್ಣು ತಿಂದ ಹಾಗಿದೆಯಮ್ಮಾ" ಎಂದು ತಟ್ಟೆ ಸರಿಸುತ್ತಿದ್ದರು. ದಿನೇದಿನೇ ಸೊರಗುತ್ತಿದ್ದ ಅವರನ್ನು ನೋಡಿದರೆ ಅವಳ ಕರುಳು ಚುರುಕ್ಕೆನ್ನುತ್ತಿತ್ತು. ಆ ಮಧ್ಯಾಹ್ನ ಮಾತ್ರ ಅವರು, "ಸುಟ್ಟ ವಾಸನೆ ಇರೋದು ಏನಾದ್ರೂ ಮಾಡ್ತೀಯಾ?" ಎಂದರು.

ಅವರ ಮನಸ್ಸು ಬದಲಾಗುವುದರೊಳಗೆ ಮಾಡಿಬಿಡಬೇಕೆಂದು ಅವಳು ಹೊಲಿಗೆ ಯಂತ್ರದಿಂದ ಎದ್ದು ಅಡುಗೆಮನೆಗೆ ಓಡಿದಳು. ಕೆಂಪು ದೊಣ್ಣೆಮೆಣಸಿನಕಾಯಿಯನ್ನು ನೇರ ಉರಿಯ ಮೇಲಿಟ್ಟು ಸಿಪ್ಪೆ ಕಪ್ಪಾಗುವವರೆಗೆ ಸುಟ್ಟಳು. ಸಿಪ್ಪೆ ಕೆರೆದು, ಬೆಳ್ಳುಳ್ಳಿ, ಉಪ್ಪು, ನಿಂಬೆರಸ, ಗಟ್ಟಿ ಕೆನೆ ಸೇರಿಸಿ ಮಿಕ್ಸಿಗೆ ಹಾಕಿದಳು. ಮಿಕ್ಸಿ ಗರ್ರೆಂದಿತು. ಸಾಸ್ ರೇಷ್ಮೆಯ ಹಾಗೆ ಬಟ್ಟಲಿಗೆ ಜಾರಿತು.

ಅಷ್ಟರಲ್ಲಿ ಹೊಗೆ ಕಿಟಕಿ ದಾಟಿ, ರಸ್ತೆ ದಾಟಿ, ಇಲಾಖೆಯೊಳಕ್ಕೆ ಅನುಮತಿಯಿಲ್ಲದೆ ಪ್ರವೇಶಿಸಿತ್ತು. ಹಿಂದೆಯೇ ಇನ್‌ಸ್ಪೆಕ್ಟರ್ ಬಾಗಿಲಲ್ಲಿ ಮೂಗು ತೂರಿಸಿದರು.

"ಯಾರದಮ್ಮಾ ಈ ಹೊಗೆ?"

"ಸಾಸ್‌ದು ಸರ್."

"ಸಾಸ್‌ಗೆ ಹೊಗೆ ಯಾಕೆ?"

"ಹೊಗೆ ಇಲ್ದಿದ್ರೆ ಅದು ಬರೀ ಕೆನೆ ಸರ್. ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ."

ಇನ್‌ಸ್ಪೆಕ್ಟರ್ ಕರ್ತವ್ಯನಿಷ್ಠರು. ಬ್ರೆಡ್ ತರಿಸಿಕೊಂಡು, ಬಟ್ಟಲು ಬರಿದಾಗುವವರೆಗೂ ಹೊಟ್ಟೆಗೆ ಹಾಕಿಕೊಂಡರು. ಆಮೇಲೆ ಅವರ ಮುಖ ಬಾಡಿತು. "ಅಯ್ಯೋ, ಸಾಕ್ಷ್ಯ ನಾಶವಾಗೋಯ್ತಲ್ಲ! ಇನ್ನೊಂದ್ಸಲ ಮಾಡಿ."

ಸಾಕ್ಷ್ಯ ನಾಶವಾದ ಸುದ್ದಿ ಕೇಳಿ ಮೇಲಧಿಕಾರಿ ಓಡಿ ಬಂದರು. ಅದು ಹೇಗೆ ನಾಶವಾಗುತ್ತದೆ ಎಂಬುದನ್ನು ಖುದ್ದಾಗಿ ಪರಿಶೀಲಿಸಿದರು. ಎರಡನೆಯ ಬಟ್ಟಲೂ ಬರಿದಾಯಿತು. ಒಳಗಿನ ಕೋಣೆಯಿಂದ ಮಾವ ಕ್ಷೀಣವಾಗಿ ಕೂಗಿದರು: "ಆಯ್ತೇನಮ್ಮಾ?"

ಅವಳು ಮೂರನೆಯ ಸಲ ರುಬ್ಬಿದಳು. "ಸರ್, ಮಾವನಿಗೆ ಒಂದೇ ಒಂದು ಚಮಚ ಕೊಡ್ಲಾ?"

"ಸಾಕ್ಷ್ಯವನ್ನು ಸಾರ್ವಜನಿಕರು ನೆಕ್ಕುವಂತಿಲ್ಲ," ಎಂದರು ಮೇಲಧಿಕಾರಿ.

ದರ್ಜಿಯ ಪಿತ್ತ ನೆತ್ತಿಗೇರಿತು. "ಹಾಗಾದ್ರೆ ಅವರನ್ನ ಇಲಾಖೆಗೆ ಸೇರಿಸ್ಕೊಳ್ಳಿ. ಇಲ್ಲಾಂದ್ರೆ ಮಿಕ್ಸಿ ಕೆಟ್ಟುಹೋಗುತ್ತೆ."

"ಯಾವಾಗ?"

"ಈಗ," ಎಂದು ಅವಳು ಬಟ್ಟಲನ್ನು ಸೆರಗಿನಡಿ ಮುಚ್ಚಿಕೊಂಡಳು.

ಅಧಿಕಾರಿಗಳು ಒಲೆಯ ಪಕ್ಕದಲ್ಲಿ ತುರ್ತು ಸಭೆ ಸೇರಿದರು. ಮೇಲಧಿಕಾರಿ ಗಂಟಲು ಸರಿಪಡಿಸಿಕೊಂಡು ಘೋಷಿಸಿದರು: "ಒಳಕೋಣೆಯ ಹಿರಿಯರನ್ನು ಈ ಕ್ಷಣದಿಂದ ಜಾರಿಗೆ ಬರುವಂತೆ ಇಲಾಖೆಯ ತಾತ್ಕಾಲಿಕ ನಾಲಿಗೆಯಾಗಿ ನೇಮಿಸಲಾಗಿದೆ. ನಾಲಿಗೆಯು ಕೂಡಲೇ ಹಾಜರಾಗತಕ್ಕದ್ದು."

ನಾಲಿಗೆ ಗೋಡೆ ಹಿಡಿದುಕೊಂಡು ಹಾಜರಾಯಿತು. ಮಾವ ಒಂದು ಬೆರಳು ಅದ್ದಿ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ದರ್ಜಿ ಬ್ರೆಡ್ಡಿನ ತಟ್ಟೆಯನ್ನು ಅವರತ್ತ ಸರಿಸಿದಳು. ಮಾವ ಕಣ್ಣು ತೆರೆದು, ಬ್ರೆಡ್ಡಿಗೆ ಕೈಚಾಚಿ, ಬಟ್ಟಲಿನ ತಳ ಹೊಳೆಯುವ ಹಾಗೆ ಬಳಿದು ತಿಂದರು. ಅವಳ ಕಣ್ಣಲ್ಲಿ ನೀರಾಡಿತು.

"ಏನು ತಮ್ಮ ಅಭಿಪ್ರಾಯ?" ಮೇಲಧಿಕಾರಿ ಕೇಳಿದರು.

ಮಾವ ಮೀಸೆ ಒರೆಸಿಕೊಂಡು ಗಂಭೀರವಾಗಿ ನುಡಿದರು: "ಸಾಕ್ಷ್ಯ ಸಾಲದು."

ಅಧಿಕಾರಿಗಳಿಬ್ಬರೂ ತಲೆದೂಗಿದರು. ವಿಚಾರಣೆಯನ್ನು ಮರುದಿನದ ಊಟದ ಹೊತ್ತಿಗೆ ಮುಂದೂಡಲಾಯಿತು. ಮರುದಿನ ಮತ್ತೆ ಮುಂದೂಡಲಾಯಿತು. ಇಲಾಖೆಯ ಕಿಟಕಿಗಳನ್ನು ತೆರೆದಿಡಲು ಸುತ್ತೋಲೆ ಬಂತು. ಈಗ ದಿನವೂ ಸಾಕ್ಷಿ ಹೇಳಲು ಬೀದಿಯವರೆಲ್ಲ ತಮ್ಮತಮ್ಮ ಬ್ರೆಡ್ ಹಿಡಿದು ದರ್ಜಿಯ ಮನೆ ಮೆಟ್ಟಿಲ ಮೇಲೆ ಸಾಲುಗಟ್ಟುತ್ತಾರೆ. ಯಾರೂ ಗೊಣಗುವುದಿಲ್ಲ.

ಒಮ್ಮೆ ದರ್ಜಿಯೇ ಕೇಳಿದಳು: "ಮಾವಾ, ಈ ಕೇಸು ಯಾವಾಗ ಮುಗಿಯುತ್ತೆ?"

"ಅವಸರ ಮಾಡ್ಬೇಡಮ್ಮಾ, ಇಲಾಖೆ ಕೆಲಸ," ಎಂದರು ಮಾವ. "ನಾಳೆ ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಹಾಕು."