ಬಾಯಲ್ಲಿ ಒಂದು ಗುಟುಕು ನೀರು

ಮಾನ್ವಿಯ ಬಳೆ ಅಂಗಡಿಯ ಮಲಂಗಸಾಬ ಆ ಗುರುವಾರ ಬೆಳಿಗ್ಗೆ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಎದುರು ಮನೆಯ ದುರುಗಮ್ಮ ಕಸ ಹೊಡೆಯುತ್ತ ಕೇಳಿದ್ದಕ್ಕೆ.

“ಏನ್ ಸಾಬಣ್ಣಾ, ಅಂಗಡಿ ಕೀಲಿ ಹಾಕಿ, ಹೆಂಡ್ರು ಮಗನ್ನ ಕರ್ಕೊಂಡು ಎಲ್ಲಿಗೆ ಹೊಂಟಿ?”

ನಿಜ ಹೇಳುವಂತಿರಲಿಲ್ಲ. ಮಗ ವಲಿ ಪಾಷಾ ಪಿಯುಸಿಯಲ್ಲಿ ಫೇಲಾದಂದಿನಿಂದ ಅಪ್ಪನೊಂದಿಗೆ ಮಾತು ಬಿಟ್ಟಿದ್ದ. ಕೇಳಿದ್ದಕ್ಕೆ ಹೂಂ ಇಲ್ಲ, ಉಹೂಂ ಇಲ್ಲ. ಮಾಳಿಗೆಯ ಮೇಲೆ ಮಲಗಿ ಮುಗಿಲು ನೋಡುವುದೇ ಕೆಲಸ. ತಾಯತ ಕಟ್ಟಿಸಿದ್ದಾಯಿತು, ದರ್ಗಾದಲ್ಲಿ ಸಕ್ಕರೆ ಓದಿಸಿದ್ದಾಯಿತು. ಕೊನೆಗೆ ತಾಯಿ ಕಮರುನ್ನೀಸಾ ಅವನನ್ನು ರಾಯಚೂರಿಗೆ ಕರೆದೊಯ್ದಿದ್ದಳು. ಅಲ್ಲಿನ ಒಂದು ದವಾಖಾನೆಯ ಮೂಲೆ ಕೋಣೆಯಲ್ಲಿ ವಾರಕ್ಕೊಮ್ಮೆ ಒಬ್ಬ ಡಾಕ್ಟರಮ್ಮ ಕೂರುತ್ತಿದ್ದರು. ಸೂಜಿ ಇಲ್ಲ, ಗುಳಿಗೆ ಇಲ್ಲ, ಬರೀ ಮಾತು. “ಮುಂದಿನ ವಾರ ಅಪ್ಪನೂ ಬರಬೇಕು. ಮನೆಯವರೆಲ್ಲ ಕೂಡಿ ಕೂತರೇನೇ ಈ ಔಷಧಿ ಹತ್ತೋದು” ಎಂದು ಅವರು ಹೇಳಿ ಕಳಿಸಿದ್ದರು.

ಇಷ್ಟನ್ನೂ ದುರುಗಮ್ಮನಿಗೆ ಹೇಳಿದರೆ ಹೊತ್ತು ನೆತ್ತಿಗೇರುವ ಮೊದಲೇ ‘ಸಾಬಣ್ಣನ ಮಗನಿಗೆ ತಲಿ ಕೆಟ್ಟದ’ ಎಂದು ಊರೆಲ್ಲ ಸುದ್ದಿಯಾಗುತ್ತಿತ್ತು. ಆಮೇಲೆ ಅವನಿಗೆ ಹೆಣ್ಣು ಕೊಡುವವರು ಯಾರು? ಆ ಯೋಚನೆಯಲ್ಲೇ ಇದ್ದವನ ಬಾಯಿಂದ ಅದೇ ಮಾತು ಜಾರಿತು.

“ಹೆಣ್ಣು ನೋಡಾಕ ಹೊಂಟೀವಿ ದುರುಗವ್ವಾ.”

ಹೇಳಿ ನಾಲಿಗೆ ಕಚ್ಚಿಕೊಂಡ. ಆ ಓಣಿಯಲ್ಲಿ ಹೆಣ್ಣು ನೋಡಲು ಮನೆಯವರಷ್ಟೇ ಹೋದ ಚರಿತ್ರೆಯೇ ಇರಲಿಲ್ಲ. ಓಣಿಯ ಹಿರಿಯರು ಹೋಗಿ, ಹುಡುಗಿಯ ನಡಿಗೆ, ನುಡಿ, ಚಹಾದ ರುಚಿ ಎಲ್ಲವನ್ನೂ ಒಪ್ಪಬೇಕು. ಇವರು ಬಸ್ ನಿಲ್ದಾಣ ಮುಟ್ಟಿ ಉಸಿರು ಬಿಡುವಷ್ಟರಲ್ಲಿ ದುರುಗಮ್ಮ ಇಳಕಲ್ ಸೀರೆಯುಟ್ಟು ಬಂದಳು. ಹಿಂದೆಯೇ ಜಟಕಾ ಹೊಡೆಯುವ ಖಾಜಾಮಿಯಾ, ಕಣ್ಣಿಗೆ ಸುರ್ಮಾ, ಮೈಗೆ ಅತ್ತರು. ಅವರ ಹಿಂದೆ ಓಣಿಯ ಇನ್ನೂ ನಾಲ್ಕಾರು ಮಂದಿ.

“ಕರೀದೆ ಹೊಂಟೀಯಲ್ಲ ಭಾಯ್, ನಾವೇನು ಸತ್ತೀವೇನು?” ಎಂದು ಖಾಜಾಮಿಯಾ ಗದರಿದ.

ಬಸ್ಸು ಹತ್ತಿದಾಗ ಮಲಂಗಸಾಬ ಮಗನನ್ನು ಕೇಳಿದ: “ಬೇಟಾ, ಕಿಟಕಿ ಕಡಿ ಕುಂದರ್ತೀಯೇನು? ಗಾಳಿ ಬಡೀತದ, ಬ್ಯಾಡ ಬಿಡು.” ಕಿಟಕಿಯ ಬಳಿ ತಾನೇ ಕೂತ. ಇದು ಅವನಿಗೆ ಅಂಗಡಿಯಿಂದ ಬಂದ ಚಾಳಿ. “ಯಾವ ಬಣ್ಣ ಬೇಕವ್ವಾ? ಹಸರು ತಗೋ ಬಿಡು” ಎನ್ನುತ್ತಲೇ ಬಳೆ ಏರಿಸಿಬಿಡುತ್ತಿದ್ದ. ಕೆಂಪು ಬಳೆ ಬೇಕೆಂದು ಬಂದವರು ಹಸಿರು ತೊಟ್ಟು ಮನೆಗೆ ಹೋಗುತ್ತಿದ್ದರು.

ರಾಯಚೂರಿನಲ್ಲಿ ದವಾಖಾನೆಯ ಗೇಟು ಕಂಡು ದುರುಗಮ್ಮ ನಿಂತಳು. “ಇದೇನೋ ಯಪ್ಪಾ, ದವಾಖಾನ್ಯಾಗ ಹೆಣ್ಣು ನೋಡೋದಾ?”

“ಹುಡುಗಿ ಅತ್ತಿ ಇಲ್ಲೇ ಡಾಕ್ಟರು,” ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು. “ನೀವು ಬೇವಿನ ಗಿಡದ ನೆಳ್ಳಾಗ ಕುಂದರ್ರಿ, ನಾವು ಮಾತಾಡಿ ಬರ್ತೀವಿ.”

“ನೆಳ್ಳಾಗ ಕುಂದರಾಕ ಮಾನ್ವ್ಯಾಗ ಗಿಡ ಇದ್ದಿಲ್ಲೇನು?” ಎಂದು ದುರುಗಮ್ಮನೇ ಮುಂದಾಗಿ ಒಳಗೆ ನುಗ್ಗಿದಳು.

ಡಾಕ್ಟರಮ್ಮ ಆ ದಂಡನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು. “ಇಷ್ಟು ಮಂದೀನೂ ಮನಿಯವ್ರೇನು?”

“ಮನಿಯವ್ರಿಗಿಂತ ಹೆಚ್ಚು ತಿಳಕೋರಿ,” ಎಂದಳು ದುರುಗಮ್ಮ.

“ಚಲೋ ಆಯ್ತು. ಹುಡುಗ ಹೆಂಗ ಅಂತ ನೀವೇ ಹೇಳ್ರಿ.”

ಹೆಣ್ಣಿನ ಕಡೆಯವರು ವಿಚಾರಿಸುತ್ತಿದ್ದಾರೆ ಅಂದಮೇಲೆ ಕೇಳಬೇಕೇ! “ಹುಡುಗ ಅಪರಂಜಿ ಬಂಗಾರ ಮೇಡಂ,” ಖಾಜಾಮಿಯಾ ಎದೆ ಮುಟ್ಟಿಕೊಂಡ. “ನನ್ನ ಕುದುರಿ ಸುದ್ದಾ ಇವನ ಮಾತು ಕೇಳತದ.”

“ದಿನಾ ಸಂಜಿಕ ನಮ್ಮ ಕಟ್ಟಿ ಮ್ಯಾಲೆ ಕುಂತು ನಗಸ್ತಾನ ನೋಡ್ರಿ, ಹೊಟ್ಟಿ ಹುಣ್ಣಾಗಬೇಕು!” ದುರುಗಮ್ಮ ನೆನೆದೇ ನಕ್ಕಳು.

ಮಲಂಗಸಾಬ ಬೆಪ್ಪಾದ. ನಗಿಸುತ್ತಾನೆಯೇ? ಇವನೇ? ಓಣಿಗೆಲ್ಲ ಸಿಗುವ ಮಾತು, ಖಾಜಾಮಿಯಾನ ಕುದುರೆಗೂ ಸಿಗುವ ಮಾತು, ತನಗೊಬ್ಬನಿಗೆ ಇಲ್ಲ.

ಡಾಕ್ಟರಮ್ಮ ವಲಿ ಪಾಷಾನ ಕಡೆ ತಿರುಗಿದರು. “ಮನ್ಯಾಗ ಯಾಕ ಮಾತಾಡಂಗಿಲ್ಲಪಾ?”

“ನಾಚಿಕಿರೀ ಅವನಿಗೆ,” ಎಂದ ಮಲಂಗಸಾಬ.

“ನಿನಗೇನು ಆಸಿ ಅದ?”

“ಏನೂ ಇಲ್ರೀ, ತಿಂದು ಮಲಗೋದು.” ಮತ್ತೆ ಅಪ್ಪನೇ.

“ಅಪ್ಪನ ಮ್ಯಾಲೆ ಸಿಟ್ಟೇನು?”

“ಛೇ ಛೇ, ಸಿಟ್ಟೆಲ್ಲಿಂದ ಬರತದ್ರೀ!”

ಡಾಕ್ಟರಮ್ಮ ಎದ್ದು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಮಲಂಗಸಾಬನ ಕೈಗಿತ್ತರು. “ಒಂದು ಗುಟುಕು ಬಾಯಾಗ ಇಟ್ಕೋರಿ. ನುಂಗಬ್ಯಾಡ್ರಿ, ಉಗುಳಬ್ಯಾಡ್ರಿ. ನಿಮ್ಮ ಮಗ ಮಾತು ಮುಗಿಸಿದ ಮ್ಯಾಲೆ ನುಂಗ್ರಿ.”

ಮಲಂಗಸಾಬನ ಗಲ್ಲಗಳು ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಉಬ್ಬಿದವು. ವಲಿ ಪಾಷಾ ಅಪ್ಪನ ಮುಖ ನೋಡಿದ. ತುಟಿಯ ಮೂಲೆಯಲ್ಲಿ ನಗು ಇಣುಕಿತು. ಆಮೇಲೆ ಮೆಲ್ಲಗೆ ಮಾತು ಬಂತು.

“ರಿಸಲ್ಟ್ ದಿನ ಮನಿಗೆ ಬಂದೆ. ‘ಪಾಸೋ, ಫೇಲೋ? ಫೇಲೇ ಬಿಡು’ ಅಂದ್ರು. ‘ಅಂಗಡ್ಯಾಗ ಕುಂದರ್ತೀಯೇನು? ನಿನ್ನ ಕೈಲೇ ಆಗಂಗಿಲ್ಲ ಬಿಡು’ ಅಂದ್ರು. ನನಗ ಅಂಗಡ್ಯಾಗ ಕುಂದರೋ ಆಸಿನೇ ಇತ್ತು. ಎಲ್ಲಾ ಅವರೇ ಹೇಳಿ ಮುಗಿಸಿದ್ರ, ನನಗ ಹೇಳಾಕ ಏನು ಉಳೀತರೀ?”

ಮಲಂಗಸಾಬನಿಗೆ ಬಾಯಲ್ಲಿದ್ದದ್ದು ಸಾಲದೆಂಬಂತೆ ಕಣ್ಣಲ್ಲೂ ನೀರು ಬಂತು.

“ಎಲ್ಲಾ ಖರೆ,” ದುರುಗಮ್ಮನಿಗೆ ತಡೆಯಲಾಗಲಿಲ್ಲ, “ಹುಡುಗಿನ್ನ ಯಾವಾಗ ಕರಸ್ತೀರಿ?”

“ಯಾವ ಹುಡುಗಿ?” ಎಂದರು ಡಾಕ್ಟರಮ್ಮ.

ಎಲ್ಲರೂ ಮಲಂಗಸಾಬನ ಕಡೆ ತಿರುಗಿದರು. ಅವನು ಕೈಯಾಡಿಸಿದ, ಕಣ್ಣು ತಿರುಗಿಸಿದ, ಛಾವಣಿ ತೋರಿಸಿದ. ವಲಿ ಪಾಷಾ ಹೊಟ್ಟೆ ಹಿಡಿದುಕೊಂಡು ನಕ್ಕು, ಅಪ್ಪನ ಎರಡೂ ಸುಳ್ಳುಗಳನ್ನು ಬಿಚ್ಚಿಟ್ಟ.

“ನನ್ನ ಸುರ್ಮಾ ಸುಮ್ನೆ ಹಾಳಾತಲ್ಲೋ ಭಾಯ್!” ಎಂದು ಖಾಜಾಮಿಯಾ ಹಣೆ ಬಡಿದುಕೊಂಡ. ಕೋಣೆ ತುಂಬ ನಗೆ ಎದ್ದಿತು. ಹೊರಡುವಾಗ ಡಾಕ್ಟರಮ್ಮ ಕಮರುನ್ನೀಸಾಗೆ ಹೇಳಿದರು: “ಮನ್ಯಾಗೂ ಇದೇ ಔಷಧಿ. ಮಗ ಬಾಯಿ ತೆಗೆದ್ರ ಇವರ ಬಾಯಿಗೆ ನೀರು.”

ಕಮರುನ್ನೀಸಾ ಔಷಧಿ ತಪ್ಪಿಸುವವಳಲ್ಲ. ಮರಳುವ ಬಸ್ಸಿನಲ್ಲೇ ತಂಬಿಗೆ ಹಿಡಿದು ಕೂತಳು. ವಲಿ ಪಾಷಾ ಈ ಸಲ ಕಿಟಕಿಯ ಬಳಿ ಕೂತು, “ಅಬ್ಬಾ” ಎಂದ. ಎಷ್ಟೋ ತಿಂಗಳಿನಿಂದ ಕೇಳದ ಆ ಕರೆಗೆ ಮಲಂಗಸಾಬನ ಜೀವ ಹಿಗ್ಗಿತು. ಅವನು ತಾನಾಗಿಯೇ ಬಾಯಿ ತುಂಬ ನೀರು ತುಂಬಿಕೊಂಡು ಮಗನತ್ತ ವಾಲಿದ.

“ಅಬ್ಬಾ, ನಾಳಿಂದ ಅಂಗಡಿ ಕೀಲಿ ನನ್ನ ಕೈಗೆ ಕೊಡ್ತೀರೇನು? ಕೊಡ್ತೀರಿ ಬಿಡ್ರಿ.”

ಉಬ್ಬಿದ ಗಲ್ಲ ನಡುಗಿತು.

“ಓಣಿ ಮಂದಿ ಹೆಣ್ಣು ನೋಡಾಕ ಬಂದು ಬರಿಗೈಲೇ ಹೊಂಟಾರ. ನಾಳಿ ಜುಮ್ಮಾ ಅದ, ಎಲ್ಲಾರಿಗೂ ಬಿರ್ಯಾನಿ ಮಾಡಸೋಣೇನು? ಮಾಡಸೋಣ ಬಿಡ್ರಿ.”

“ಭಲೇ ಹುಡುಗಾ!” ಎಂದು ಖಾಜಾಮಿಯಾ ಸೀಟು ಬಡಿದ.

“ದುರುಗವ್ವಗ ಎರಡು ಕೈಗೂ ಹೊಸಾ ಬಳಿ ಇಡಸ್ತೀರೇನು? ಇಡಸ್ತೀರಿ ಬಿಡ್ರಿ.”

“ಕೆಂಪು ಬಳಿ ಹೇಳಪಾ, ಹಸರು ಸಾಕಾಗ್ಯಾವ!” ಹಿಂದಿನ ಸೀಟಿನಿಂದ ದುರುಗಮ್ಮ ಕೂಗಿದಳು.

ಮಲಂಗಸಾಬ ನುಂಗಲೇ ಎಂದು ಹೆಂಡತಿಯ ಕಡೆ ದೈನ್ಯದಿಂದ ನೋಡಿದ. ಆಕೆ ತಂಬಿಗೆಯ ಮೇಲೆ ಕೈಯಿಟ್ಟು ತಲೆಯಾಡಿಸಿದಳು.

“ತಡೀರಿ. ಇನ್ನಾ ಅವನ ಮಾತು ಮುಗಿದಿಲ್ಲ.”

ಮಾನ್ವಿಗಿಂತ ಮೊದಲು ಸಿಗುವ ಊರು ನೀರಮಾನ್ವಿಯೇ ಇನ್ನೂ ಬಹಳ ದೂರವಿತ್ತು.